ಮಿಡತೆಯ ಎಂಜಿನ್

ಫೆಬ್ರವರಿ 9

ಅತ್ತಿಗೆ,

‘ಮೊದಲು ಕಾಗದ ಓದಿ, ಆಮೇಲೆ ಡಬ್ಬ ಬಿಚ್ಚಿ’ ಎಂದು ಪಾರ್ಸೆಲ್ಲಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೆ. ನೀವು ಡಬ್ಬ ಬಿಚ್ಚಿ, ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಟೀ ಕುಡಿದು, ಈಗ ಇದನ್ನು ಓದುತ್ತಿದ್ದೀರಿ ಎಂದೂ ಗೊತ್ತು. ಇರಲಿ ಬಿಡಿ.

ಹೌದು, ನೀವು ಅಂದುಕೊಂಡದ್ದೇ. ಡ್ರ್ಯಾಗ್ ರೇಸ್ ಕಾರಿನ ಪ್ಲಾಸ್ಟಿಕ್ ಕಿಟ್. ನಮ್ಮ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಆಟಿಕೆ ಅಂಗಡಿಯೊಂದು ಬಾಗಿಲು ಹಾಕುತ್ತಿದೆ. ಬಸ್ಸುಗಳಿಗೆ ಬಣ್ಣ ಹೊಡೆದು ಮೂಗಿನ ತುದಿಯವರೆಗೂ ನೀಲಿಯಾಗಿದ್ದವಳು ಹಾಗೇ ಒಳಗೆ ನುಗ್ಗಿದೆ. ಮೇಲಿನ ಹಲಗೆಯಲ್ಲಿ ದೂಳು ತಿನ್ನುತ್ತಾ ಕೂತಿತ್ತು. ಡಬ್ಬದ ಮೇಲಿನ ಚಿತ್ರ ನೋಡಿದ್ದೇ ಕೈಚಾಚಿ ಕೆಳಗಿಳಿಸಿದೆ. ಮುಂದೆ ಸೈಕಲ್ಲಿನದರಂಥ ಎರಡು ಸಪೂರ ಚಕ್ರ, ಮಾರುದ್ದದ ಬಡಕಲು ಮೈ, ಮುಚ್ಚಳವಿಲ್ಲದ ಎಂಜಿನ್, ಹಿಂದೆ ರೋಡ್ ರೋಲರಿನಂಥ ಎರಡು ಟೈರು. ಬಣ್ಣವೊಂದು ಕೆಂಪಾಗಿದ್ದರೆ ಆವತ್ತು ರೇಸಿನಲ್ಲಿ ನೋಡಿದ ನಮ್ಮ ಮಿಡತೆಯೇ!

ನೀವು ನಮ್ಮ ಮನೆಗೆ ಬಂದ ಹೊಸತು. ಅಣ್ಣನ ಜೊತೆ ಸಿನಿಮಾಕ್ಕೆ ಹೊರಟಿದ್ದ ನಿಮ್ಮನ್ನು ಹಟ ಮಾಡಿ, ಇಬ್ಬರನ್ನೂ ರೈಲು ಹತ್ತಿಸಿ, ರೇಸ್ ನೋಡಲು ಎಳೆದುಕೊಂಡು ಹೋದೆನಲ್ಲ, ಅದೇ ಕ್ಲಬ್ಬಿನವರು ಅಕ್ಟೋಬರಿನಲ್ಲಿ ಮಾದರಿ ಕಾರುಗಳ ಪ್ರದರ್ಶನ ಇಟ್ಟಿದ್ದಾರೆ. ಗೆದ್ದ ಕಾರಿಗೆ ಕ್ಲಬ್ಬಿನ ಗಾಜಿನ ಬೀರುವಿನಲ್ಲಿ ಕಾಯಂ ಜಾಗ. ಅಲ್ಲಿ ಓಡಿದ ಹೆಸರಾಂತ ಕಾರುಗಳೆಲ್ಲ ಆ ಬೀರುವಿನಲ್ಲಿವೆಯಂತೆ, ಮಿಡತೆ ಮಾತ್ರ ಇಲ್ಲ. ಅದನ್ನು ಓಡಿಸುತ್ತಿದ್ದ ಮಿಡತೆಯಮ್ಮನೇ ಈಗ ಕ್ಲಬ್ಬಿನ ಅಧ್ಯಕ್ಷೆ! ನನಗಂತೂ ಇದು ನ್ಯಾಯವಾಗಿ ಕಾಣಲಿಲ್ಲ. ಇಬ್ಬರ ಹೆಸರೂ ಕೊಟ್ಟುಬಿಟ್ಟಿದ್ದೇನೆ. ನಿಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ‘ನೋಡೋಣ’ ಎನ್ನುತ್ತಿದ್ದಿರಿ.

ಚೌಕಟ್ಟು, ಎಂಜಿನ್ ನಿಮ್ಮದು. ಹಲ್ಲಿನ ಲ್ಯಾಬಿನಲ್ಲಿ ಊರಿನ ಅರ್ಧ ಬಾಯಿಗಳಿಗೆ ಕಟ್ಟುಹಲ್ಲು ಮಾಡಿಕೊಟ್ಟ ಕೈಗೆ ಅದು ಯಾವ ಲೆಕ್ಕ. ಮೈ, ಬಣ್ಣ ನನ್ನದು. ಪಾರ್ಸೆಲ್ ಹೋಗುತ್ತಾ ಬರುತ್ತಾ ಇರಲಿ, ಜೊತೆಗೆ ಕಾಗದವೂ ಇರಲಿ. ಫೋನ್ ಬೇಡ. ಅಣ್ಣ ಮಧ್ಯೆ ಬಾಯಿ ಹಾಕಿ ‘ಆಟದ ಸಾಮಾನಿಗೆ ಇಷ್ಟೊಂದು ಮಾತಾ?’ ಎನ್ನುತ್ತಾನೆ.

ಇಲ್ಲಿ ಕೋಣೆ ಚೆನ್ನಾಗಿದೆ. ಕಿಟಕಿಗಳಿಗೆ ಪರದೆ ಹೊಲಿಸಿದೆ. ಹೇಗೂ ಒಂದೇ ವರ್ಷದ ಕೆಲಸ.

ನಿಮ್ಮ ಚೂಟಿ

ಫೆಬ್ರವರಿ 21

ಚೂಟಿ,

ಟೀ ಕುಡಿದಿರಲಿಲ್ಲ. ಡಬ್ಬ ನೋಡುತ್ತಾ ಕೂತು ಅದು ಆರಿ ತಣ್ಣಗಾಗಿತ್ತು. ಅಷ್ಟರ ಮಟ್ಟಿಗೆ ನಿನ್ನ ಊಹೆ ತಪ್ಪು.

ಮಾಡೋಣ. ಮಾಡೋಣ ಏನು, ಗೆಲ್ಲೋಣ. ಅಡುಗೆಮನೆಯ ಮೇಜಿನ ಮೇಲೆ ನಾವಿಬ್ಬರೂ ಮೊದಲ ಕಾರು ಅಂಟಿಸಿದಾಗ ನಾಲ್ಕು ಚಕ್ರ ನಾಲ್ಕು ದಿಕ್ಕಿಗೆ ನೋಡುತ್ತಿದ್ದವು. ಆ ಕಾಲ ಹೋಯಿತು. ಈಗ ನಮ್ಮ ಎದುರು ನಿಲ್ಲುವವರು ಯಾರು?

ಆದರೆ ಈ ಕಿಟ್ಟಿನ ಎಂಜಿನ್ ನೋಡಿ ನಗು ಬಂತು. ಹೊಲಿಗೆ ಯಂತ್ರದ ಮೋಟಾರಿನಂತಿದೆ. ಹೊಗೆ ಕೊಳವೆಗಳ ಬಾಯಿ ಒಂದೂ ತೆರೆದಿಲ್ಲ. ಇಂಥ ಎಂಜಿನ್ ನಿಜವಾಗಿ ಹೊತ್ತಿಕೊಂಡರೆ ಉಸಿರುಕಟ್ಟಿ ಸಾಯುತ್ತದೆ. ಲ್ಯಾಬಿನಲ್ಲಿ ಕಟ್ಟುಹಲ್ಲು ತೀಡಲು ಬಳಸುವ ಸಣ್ಣ ಡ್ರಿಲ್ ಮೊನೆಗಳಿವೆಯಲ್ಲ, ಅವುಗಳಿಂದ ಒಂದೊಂದು ಕೊಳವೆಯನ್ನೂ ಕೊರೆದು ಬಾಯಿ ಬಿಡಿಸುತ್ತೇನೆ. ಕಿಡಿ ಹೊತ್ತಿಸುವ ಪ್ಲಗ್ಗುಗಳ ತಂತಿಗಳನ್ನಂತೂ ಕಿಟ್ ಮಾಡಿದವರು ಮರೆತೇಬಿಟ್ಟಿದ್ದಾರೆ. ನಿಮ್ಮಣ್ಣನ ಹಳೆಯ ಹೆಡ್‌ಫೋನ್ ಬಿಚ್ಚಿದರೆ ಒಳಗೆ ಕೂದಲೆಳೆಯಂಥ ತಾಮ್ರ ಸಿಗುತ್ತದೆ. ಅವರಿಗೆ ಹೇಳಬೇಡ.

ಆವತ್ತಿನದು ನನಗೆ ಚೆನ್ನಾಗಿ ನೆನಪಿದೆ. ಕಾರುಗಳ ಗಂಧಗಾಳಿ ಇರಲಿಲ್ಲ ನನಗೆ. ತಿರುವಿಲ್ಲದ ನೇರ ರಸ್ತೆ, ಪಕ್ಕಪಕ್ಕ ಎರಡು ಕಾರು, ಹಸಿರು ದೀಪ, ಅಷ್ಟೇ. ‘ಶುರುವಾಯ್ತಾ?’ ಎಂದು ಕೇಳುವಷ್ಟರಲ್ಲಿ ಮುಗಿದಿತ್ತು. ಆದರೆ ಆ ಸದ್ದು ಕಿವಿಯಿಂದ ಒಳಗೆ ಬರಲಿಲ್ಲ, ಹೊಟ್ಟೆಯೊಳಗೇ ಎದ್ದಿತು. ಮಿಡತೆಯಮ್ಮ ಹೆಲ್ಮೆಟ್ ತೆಗೆದು ಕೂದಲು ಕೊಡವಿದಾಗ ನಿಮ್ಮಣ್ಣ ‘ಅಯ್ಯೋ, ಹೆಂಗಸು!’ ಎಂದು ಬಾಯಿ ಬಿಟ್ಟರು. ನಾನು ಬಾಯಿ ಬಿಡಲಿಲ್ಲ. ಮಿಡತೆಯಮ್ಮನನ್ನೇ ನೋಡುತ್ತಿದ್ದೆ.

ಇರಲಿ. ಚೌಕಟ್ಟು ಮೊದಲು ಕಳಿಸುತ್ತೇನೆ, ಎಂಜಿನ್ ಆಮೇಲೆ. ಅವಸರ ಮಾಡಬೇಡ.

ಇನ್ನೊಂದು ಮಾತು. ಒಂದೇ ವರ್ಷಕ್ಕೆ ಯಾರೂ ಪರದೆ ಹೊಲಿಸುವುದಿಲ್ಲ. ಇದು ಪ್ರಶ್ನೆ ಅಲ್ಲ, ಸುಮ್ಮನೆ ಹೇಳಿದೆ.

ಅತ್ತಿಗೆ

ಏಪ್ರಿಲ್ 12

ಅತ್ತಿಗೆ,

ಚೌಕಟ್ಟು ತಲುಪಿತು. ಗಾಜಿನ ಮೇಲಿಟ್ಟು ನೋಡಿದೆ, ಒಂದು ಕಡೆಯೂ ಮೇಲೆದ್ದಿಲ್ಲ. ನಮ್ಮ ಕಾರ್ಖಾನೆಯ ಬೆಸುಗೆಯವನಿಗೆ ತೋರಿಸಿದೆ. ‘ಯಾರು ಮಾಡಿದ್ದು?’ ಎಂದ. ‘ನಮ್ಮತ್ತಿಗೆ’ ಎಂದೆ. ‘ಅವರನ್ನ ಇಲ್ಲಿಗೆ ಕರ್ಕೊಂಡ್ ಬನ್ನಿ, ಬಸ್ಸಿನ ಚೌಕಟ್ಟೂ ಅವರೇ ಮಾಡ್ಲಿ’ ಎಂದ.

ನನ್ನ ಕೆಂಪು ಮೂರು ಸಲ ಕೆಟ್ಟಿತು. ಮೊದಲನೆಯದು ಅಂಚೆ ಡಬ್ಬದ ಕೆಂಪು. ಎರಡನೆಯದು ಒಣಗಿದ ಮೇಲೆ ಇಟ್ಟಿಗೆಯಾಯಿತು. ಮೂರನೆಯದರ ಬಗ್ಗೆ ಮಾತೇ ಬೇಡ. ಕೊನೆಗೆ ತಳದಲ್ಲಿ ಗುಲಾಬಿ ಬಣ್ಣ ಹೊಡೆದು, ಅದರ ಮೇಲೆ ತೆಳ್ಳಗೆ ಕೆಂಪು ಕೂರಿಸಿದೆ. ಆಗ ನೋಡಿ, ಒಳಗೆ ದೀಪ ಹಚ್ಚಿಟ್ಟ ಹಾಗೆ ಬಂತು. ನೀರಿನಲ್ಲಿ ಉಜ್ಜಿ, ಮತ್ತೆ ಹೊಡೆದು, ಮತ್ತೆ ಉಜ್ಜಿ ಬೆರಳಿನ ಗುರುತೇ ಅಳಿಸಿಹೋಗಿದೆ. ನಾನೀಗ ಕಳ್ಳತನಕ್ಕೆ ಲಾಯಕ್ಕು.

ಈ ಸಲ ಪೈಪೋಟಿಗೆ ‘ಮೀಸೆ’ ಎನ್ನುವವರೊಬ್ಬರಿದ್ದಾರಂತೆ. ಕ್ರೇನ್ ರಿಪೇರಿಯವರು. ಪ್ರತಿ ವರ್ಷ ಅವರದೇ ಮೊದಲ ಬಹುಮಾನ. ನಿಮ್ಮನ್ನು ಕೆಣಕಲು ಇಷ್ಟು ಸಾಕಲ್ಲ?

ಪರದೆಯ ಬಟ್ಟೆ ಚೆನ್ನಾಗಿತ್ತು, ಅದಕ್ಕೇ ಹೊಲಿಸಿದೆ. ಎಂಜಿನ್ ಬೇಗ ಕಳಿಸಿ.

ಚೂಟಿ

ಜೂನ್ 3

ಚೂಟಿಗೆ,

ಎಂಜಿನ್ ಕಳುಹಿಸಿದ್ದೇನೆ. ತಂತಿಗಳನ್ನು ಜೋಡಿಸಲಾಗಿದೆ. ತಲುಪಿದ ಕೂಡಲೇ ತಿಳಿಸುವುದು.

ಲ್ಯಾಬಿಗೆ ಹೊಸ ಪ್ರಿಂಟರ್ ಬಂದಿದೆ. ಇನ್ನು ಮುಂದೆ ಟೈಪ್ ಮಾಡಿಯೇ ಕಳಿಸುತ್ತೇನೆ. ಓದುವುದಕ್ಕೆ ಸುಲಭ.

ನಿಮ್ಮಣ್ಣ ಆರೋಗ್ಯವಾಗಿದ್ದಾರೆ. ಇಲ್ಲಿ ಎಲ್ಲ ಮಾಮೂಲು.

ಅತ್ತಿಗೆ

ಜೂನ್ 15

ಅತ್ತಿಗೆ,

ನಿಮ್ಮ ಕಾಗದ ನೋಡಿ ಮೊದಲು ನೀರಿನ ಬಿಲ್ ಬಂತೇನೋ ಅಂದುಕೊಂಡೆ. ‘ತಿಳಿಸುವುದು’! ನಾನೇನು ನಿಮ್ಮ ಲ್ಯಾಬಿಗೆ ಮೇಣ ಸರಬರಾಜು ಮಾಡುವವಳಾ?

ಹೇಳಬೇಕೋ ಬೇಡವೋ ಎಂದು ಎರಡು ದಿನ ಸುಮ್ಮನಿದ್ದೆ. ಹೇಳಿಬಿಡುತ್ತೇನೆ. ಎಂಜಿನ್ ನಿಮ್ಮ ಕೈಕೆಲಸದ ಹಾಗಿಲ್ಲ. ಕೊಳವೆಗಳು ಚೆನ್ನಾಗಿವೆ, ಒಳಗೆ ಸೂಜಿ ಹಾಕಿ ನೋಡಿದೆ. ಆದರೆ ತಂತಿಗಳು ಒಂದು ಇಲ್ಲಿ, ಒಂದು ಅಲ್ಲಿ. ಒಂದರ ತುದಿ ಪ್ಲಗ್ಗಿಗೆ ತಗುಲಿಯೇ ಇಲ್ಲ. ಎಂಜಿನ್ನಿಗೆ ಗಾಳಿ ತುಂಬುವ ಬ್ಲೋವರಿನ ಮೇಲೆ ಅಂಟಿನ ನೂಲು ಎಳೆದುಕೊಂಡಿದೆ. ಇದನ್ನು ಬೇರೆ ಯಾರಾದರೂ ಮಾಡಿದ್ದರೆ ನೀವೇ ಹಿಡಿದು ಬೈಯುತ್ತಿದ್ದಿರಿ.

ಅಣ್ಣ ಏನಾದರೂ ಅಂದನಾ? ಅಥವಾ ಕೇಳದೆ ಹೆಸರು ಕೊಟ್ಟೆನೆಂದು ನಿಮಗೆ ಸಿಟ್ಟಿದೆಯಾ? ಸಿಟ್ಟಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳಿ. ಬೇಡವಾದ ಕೆಲಸ ಬೇಡವಾದ ಹಾಗೆ ಮಾಡಿ ಕಳಿಸಬೇಡಿ.

ತಂತಿಗಳನ್ನು ನಾನೇ ಕಿತ್ತು ಮತ್ತೆ ಕೂರಿಸಿದ್ದೇನೆ. ಅಂಟನ್ನೂ ಉಜ್ಜಿ ತೆಗೆದೆ. ಈಗ ಪರವಾಗಿಲ್ಲ.

ಚೂಟಿ

ಜೂನ್ 24

ಚೂಟಿಗೆ,

ನನ್ನ ಎಂಜಿನ್ ಮುಟ್ಟಲು ನಿನಗೆ ಯಾರು ಹೇಳಿದರು?

ನಿನ್ನ ಕೆಂಪನ್ನು ನಾನು ಮುಟ್ಟಿದೆನೇ? ಅದನ್ನು ಹಾಗೇ ಡಬ್ಬದಲ್ಲಿಟ್ಟು ವಾಪಸ್ ಕಳಿಸು. ನನ್ನದನ್ನು ನಾನೇ ಮಾಡುತ್ತೇನೆ. ಆಗದಿದ್ದರೆ ಆಗಲಿಲ್ಲ ಎಂದು ಹೇಳುವಷ್ಟು ಬಾಯಿ ನನಗಿದೆ.

ಅತ್ತಿಗೆ

ಜುಲೈ 1

ಅತ್ತಿಗೆ,

ಕಳಿಸಿದ್ದೇನೆ. ಹತ್ತಿಯಲ್ಲಿ ಸುತ್ತಿದೆ.

ಮುಟ್ಟಿದ್ದು ತಪ್ಪು. ಆದರೆ ಪ್ರಿಂಟರಿನಲ್ಲಿ ಬೈಸಿಕೊಳ್ಳುವುದು ನನಗೆ ಒಗ್ಗುವುದಿಲ್ಲ. ಇಷ್ಟು ವರ್ಷ ನೀವು ನನ್ನನ್ನು ಬೈದದ್ದೆಲ್ಲ ಬಾಯಲ್ಲಿ, ಇಲ್ಲ ಕೈಬರಹದಲ್ಲಿ. ಪ್ರದರ್ಶನದ ಪಟ್ಟಿಯಿಂದ ಹೆಸರು ತೆಗೆಸಬೇಕಾದರೆ ಸೆಪ್ಟೆಂಬರಿನವರೆಗೆ ಸಮಯವಿದೆ. ನೀವು ಹೇಳಿದ ಹಾಗೆ ಮಾಡುತ್ತೇನೆ.

ಚೂಟಿ

ಆಗಸ್ಟ್ 26

ಚೂಟಿ,

ಕಾಗೆ ಕಾಲು ಗುಬ್ಬಿ ಕಾಲು ನೋಡಿ ಬೇರೆ ಯಾರೋ ಬರೆದಿದ್ದಾರೆ ಅಂದುಕೊಳ್ಳಬೇಡ. ಇದು ನನ್ನದೇ ಅಕ್ಷರ, ಈಗಿನದು. ಪ್ರಿಂಟರ್ ಹತ್ತಿರ ಹೋಗಿದ್ದು ಇದಕ್ಕೇ.

ಏಪ್ರಿಲ್ ಕೊನೆಗೆ ಶುರುವಾಯಿತು. ಸುಮ್ಮನಿದ್ದರೆ ಕೈಯೂ ಸುಮ್ಮನಿರುತ್ತದೆ. ಏನನ್ನಾದರೂ ಹಿಡಿದು ಇನ್ನೊಂದಕ್ಕೆ ಮುಟ್ಟಿಸಲು ಹೋದೆನೋ, ಸರಿಯಾಗಿ ಮುಟ್ಟುವ ಹೊತ್ತಿಗೆ ನಡುಗುತ್ತದೆ. ಲ್ಯಾಬಿನಲ್ಲಿ ಒಬ್ಬ ಮೇಷ್ಟರ ಕಟ್ಟುಹಲ್ಲಿನಲ್ಲಿ ಮುಂದಿನ ಎರಡು ಹಲ್ಲು ಓರೆಯಾಗಿ ಕೂತವು. ಹೊರಗೆ ಹೋಗುವ ಮೊದಲು ನಾನೇ ನೋಡಿ ಮತ್ತೆ ಮಾಡಿದೆ. ಮರುವಾರ ಇನ್ನೊಂದು. ಇಷ್ಟು ವರ್ಷ ನನ್ನನ್ನು ಸಾಕಿದ ಕೈಯೇ ಹೀಗೆ ಕೈಕೊಟ್ಟಿತು. ಏನೇನು ರೋಗದ ಹೆಸರುಗಳು ತಲೆಗೆ ಬಂದವೋ, ಬರೆಯುವುದಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂದು ಯಾರಿಗೂ ಹೇಳಲಿಲ್ಲ.

ನೀನು ಮತ್ತೆ ಕೂರಿಸಿದ ತಂತಿಗಳು ಚೆನ್ನಾಗಿದ್ದವು ಕಣೇ. ಅದನ್ನೇ ನನ್ನಿಂದ ತಡೆಯಲಾಗಲಿಲ್ಲ.

ಎಂಜಿನ್ ವಾಪಸ್ ಬಂದ ಮೇಲೆ ಅವನ್ನು ಕಿತ್ತು ನಾನೇ ಕೂರಿಸಲು ಹೋದೆ. ಒಂದೂ ಕೂರಲಿಲ್ಲ. ಹೀಗೇ ಎಷ್ಟೋ ದಿನ. ಒಂದು ಮಧ್ಯಾಹ್ನ ನಿಮ್ಮಣ್ಣ ಫೋಟೋ ಚೌಕಟ್ಟಿನ ಅಂಗಡಿಯಿಂದ ಊಟಕ್ಕೆ ಬಂದಾಗ ನಾನು ಎಂಜಿನ್ನನ್ನು ಗೋಡೆಗೆ ಬಿಸಾಡಲು ಕೈಯೆತ್ತಿ ನಿಂತಿದ್ದೆ.

“ಎಸೀಬೇಡ. ಚೂಟಿ ನನ್ನನ್ನ ಕೊಲ್ತಾಳೆ,” ಎಂದರು.

“ನನ್ನ ಕೈಲಿ ಆಗಲ್ಲ ರೀ. ಕೈ ನಡುಗುತ್ತೆ.”

“ಗೊತ್ತು.”

“ಏನ್ ಗೊತ್ತು?”

“ಚೆಲ್ಲುತ್ತೆ ಅಂತ ನೀನು ಟೀನ ಅರ್ಧ ಲೋಟಕ್ಕೆ ಇಳಿಸಿದಾಗ್ಲೇ ಗೊತ್ತಾಯ್ತು. ನೀನೇ ಹೇಳ್ಲಿ ಅಂತ ಕಾಯ್ತಿದ್ದೆ.”

“ಕಾಯ್ತಿದ್ರಂತೆ! ಬಸ್ಸಿಗೆ ಕಾದ ಹಾಗೆ!” ಎಂದು ನಾನು ಜಗಳಕ್ಕೆ ನಿಂತೆ. ಜಗಳ ಮಾಡುತ್ತಲೇ ಅತ್ತೆ. ಅಳು ಮುಗಿಯುವವರೆಗೂ ಅವರು ಪಕ್ಕದಲ್ಲಿ ನಿಂತಿದ್ದು, ಆಮೇಲೆ ಅನ್ನ ಬಡಿಸಿದರು. ಉಪ್ಪಿನ ಡಬ್ಬ ಎಲ್ಲಿದೆಯೆಂದು ಆವತ್ತೇ ಗೊತ್ತಾಯಿತು ಅವರಿಗೆ.

ಡಾಕ್ಟರು ಒಂದು ಹಾಳೆ ಕೊಟ್ಟು ಸುರುಳಿ ಬರೆಯಿರಿ ಎಂದರು. ಬರೆದೆ, ಹುಳ ಹರಿದ ಹಾಗೆ ಬಂತು. ಬೇರೆ ಪರೀಕ್ಷೆಗಳನ್ನೂ ಮಾಡಿದರು. ನಾನು ಹೆದರಿದ ರೋಗವಲ್ಲ. ನಮ್ಮಪ್ಪನಿಗೂ ಇದ್ದದ್ದು, ಬರೀ ಕೈನಡುಕ. ಪೂರ್ತಿ ಹೋಗುವುದಿಲ್ಲ, ಮಾತ್ರೆ ತೆಗೆದುಕೊಂಡರೆ ಹತೋಟಿಗೆ ಬರುತ್ತದೆ.

“ಮೊದಲಿನ ಹಾಗೆ ಲ್ಯಾಬಿನ ವ್ಯಾನ್ ಓಡಿಸಬಹುದಾ?” ಎಂದು ಕೇಳಿದೆ.

“ಧಾರಾಳವಾಗಿ. ನಿಮಗೆ ಕಷ್ಟ ಆಗೋದು ಸೂಜಿಗೆ ದಾರ ಪೋಣಿಸೋದು, ಸ್ಟೀರಿಂಗ್ ಹಿಡಿಯೋದಲ್ಲ,” ಎಂದರು.

ಹೊರಗೆ ಬಂದವಳು ನೇರ ಲ್ಯಾಬಿಗೆ ಹೋಗಿ ಯಜಮಾನರಿಗೆ ಹೇಳಿದೆ. ಹಲ್ಲು ಜೋಡಿಸುವುದನ್ನು ಬಿಟ್ಟುಕೊಟ್ಟೆ. ಬಣ್ಣ ಹೊಂದಿಸುವುದು, ಮೇಲಿನ ಕೆಳಗಿನ ಹಲ್ಲು ಸರಿಯಾಗಿ ಕೂಡುತ್ತವೆಯೇ ನೋಡುವುದು, ಹೊಸಬರಿಗೆ ಕಲಿಸುವುದು ಈಗ ನನ್ನ ಪಾಲಿಗೆ. ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ನನ್ನ ಕಣ್ಣು ದಾಟಿ ಈಗ ಒಂದು ಹಲ್ಲೂ ಹೊರಗೆ ಹೋಗುವುದಿಲ್ಲ.

ಇನ್ನು ಎಂಜಿನ್. ನಿಮ್ಮಣ್ಣ ಫೋಟೋ ಚೌಕಟ್ಟು ಹಿಡಿಸುವ ಇಕ್ಕಳಗಳನ್ನು ಅಂಗಡಿಯಿಂದ ತಂದು ಮೇಜಿಗೆ ಬಿಗಿದು ಎಂಜಿನ್ ಅಲ್ಲಾಡದ ಹಾಗೆ ಕಚ್ಚಿಸಿದರು. ಮಣಿಕಟ್ಟಿನ ಅಡಿಗೆ ಮರಳಿನ ಚೀಲ ಇಟ್ಟೆ. ಮೊಣಕೈಯನ್ನು ಮೇಜಿಗೆ ಒತ್ತಿ, ಉಸಿರು ಬಿಡುತ್ತಾ ತಂತಿ ಕೂರಿಸಿದೆ. ದಿನಕ್ಕೊಂದು. ಆಗದ ದಿನ ಎದ್ದುಹೋದೆ. ಈಗ ಎಂಟು ತಂತಿಗಳೂ ಕೂತಿವೆ. ಡಬ್ಬ ಬಿಚ್ಚಿ ನೋಡು, ಆಮೇಲೆ ಮಾತಾಡು. ಹೆಸರು ತೆಗೆಸುವ ಸುದ್ದಿ ಎತ್ತಿದರೆ ಜಾಗ್ರತೆ.

ಅತ್ತಿಗೆ

ಸೆಪ್ಟೆಂಬರ್ 6

ಅತ್ತಿಗೆ,

ಡಬ್ಬ ಬಿಚ್ಚಿದೆ. ಭೂತಗನ್ನಡಿ ಹಿಡಿದು ನೋಡಿದೆ. ಎಂಟು ತಂತಿಗಳೂ ಬಾಚಿದ ಕೂದಲಿನ ಹಾಗೆ ಸಾಲಾಗಿವೆ. ನಾನು ಕೂರಿಸಿದ್ದು ಇದರ ಮುಂದೆ ನೂಡಲ್ಸು.

ನಿಮ್ಮ ಕಾಗದ ಓದಿದ ಮೇಲೆ ನನ್ನ ಜೂನ್ ತಿಂಗಳ ಕಾಗದ ನೆನಪಾಗಿ ತಲೆ ಚಚ್ಚಿಕೊಳ್ಳುವಂತಾಯಿತು. ಅಂಟಿನ ನೂಲು ಕಂಡಿತು, ತಂತಿ ಓರೆಯಾದದ್ದು ಕಂಡಿತು, ನೀವು ಕಾಣಲಿಲ್ಲ. ಇದರ ಬಗ್ಗೆ ಇನ್ನು ಬರೆಯುವುದಿಲ್ಲ. ಬರೆದರೆ ನೀವು ‘ಸಾಕು ಮೂಗು ಒರೆಸಿಕೋ’ ಎನ್ನುತ್ತೀರಿ.

ಈಗ ನನ್ನ ಸರದಿ. ಪರದೆಯ ವಿಷಯ. ಜನವರಿಯಲ್ಲೇ ನನ್ನನ್ನು ಬಣ್ಣದ ವಿಭಾಗಕ್ಕೆ ಮುಖ್ಯಸ್ಥೆ ಮಾಡಿದರು. ನಾನು ಒಪ್ಪಿಕೊಂಡೆ. ಒಂದು ವರ್ಷವಲ್ಲ, ಇಲ್ಲೇ ಇರುತ್ತೇನೆ. ನನಗೆಂದು ನಿಮ್ಮ ಪಕ್ಕದ ಕೋಣೆ ಖಾಲಿ ಇಟ್ಟಿದ್ದೀರಿ ಎಂದು ಗೊತ್ತಿದ್ದೇ ಹೇಳಲು ನಾಲಿಗೆ ಏಳಲಿಲ್ಲ. ಆದರೆ ಅತ್ತಿಗೆ, ನಾನಿಲ್ಲಿ ಚೆನ್ನಾಗಿದ್ದೇನೆ. ಬಣ್ಣದ ಕೋಣೆಯೊಳಗೆ ಹೋದರೆ ಬೀದಿಯಷ್ಟುದ್ದದ ಬಸ್ಸು ನನ್ನ ಒಂದು ಮಾತಿಗೆ ಬಣ್ಣ ಬದಲಿಸುತ್ತದೆ. ಅದರ ಖುಷಿ ನಿಮಗಲ್ಲದೆ ಬೇರೆ ಯಾರಿಗೆ ಅರ್ಥವಾಗುತ್ತದೆ?

ಇನ್ನೊಂದು ಸುದ್ದಿ, ಬೈಯಬೇಡಿ. ಪ್ರದರ್ಶನದ ವಾರವೇ ದೊಡ್ಡ ಆರ್ಡರಿನ ಬಸ್ಸುಗಳು ಹೊರಗೆ ಹೋಗಬೇಕು. ನನಗೆ ರಜೆ ಇಲ್ಲ. ನೀವು ಒಬ್ಬರೇ ಹೋಗಬೇಕು. ಮಿಡತೆಯನ್ನು ಪೂರ್ತಿ ಜೋಡಿಸಿ ಡಬ್ಬದೊಳಗೆ ಡಬ್ಬ ಹಾಕಿ ಕಳಿಸುತ್ತಿದ್ದೇನೆ. ರೈಲಿನಲ್ಲಿ ಮೇಲಿನ ಹಲಗೆಗೆ ಹಾಕಬೇಡಿ. ಮಡಿಲಲ್ಲಿಟ್ಟುಕೊಳ್ಳಿ, ಮಗು ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ.

ಚೂಟಿ

ಅಕ್ಟೋಬರ್ 15

ಚೂಟಿ,

ಮೊದಲು ಫಲಿತಾಂಶ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕೊನೆಯ ಸಾಲಿಗೆ ಹಾರುತ್ತೀಯ. ನಮಗೆ ಎರಡನೆಯದು. ಮೊದಲನೆಯದು ಮೀಸೆಯವರಿಗೆ. ಈಗ ಸಮಾಧಾನವಾಗಿ ಓದು.

ಮಡಿಲಲ್ಲಿಟ್ಟುಕೊಂಡೇ ಹೋದೆ. ಆದರೂ ಕ್ಲಬ್ಬಿನ ಸಭಾಂಗಣದಲ್ಲಿ ಡಬ್ಬ ತೆರೆದಾಗ ಮುಂದಿನ ಎಡಗಡೆಯ ಚಕ್ರ ಬೇರೆಯಾಗಿ ಹತ್ತಿಯಲ್ಲಿ ಮಲಗಿತ್ತು. ಅದನ್ನು ಹಿಡಿದ ಕಡ್ಡಿ ಮುರಿದಿತ್ತು. ತೀರ್ಪುಗಾರರು ಆಗಲೇ ಆ ಕೊನೆಯಿಂದ ಶುರು ಮಾಡಿದ್ದರು. ಇಕ್ಕಳವಿಲ್ಲ, ಮರಳಿನ ಚೀಲವಿಲ್ಲ, ಸುತ್ತಲೂ ಜನ. ಚಿಮಟದಲ್ಲಿ ಚಕ್ರ ಹಿಡಿದು ಒಯ್ದೆ. ಕೈ ತನ್ನ ಬುದ್ಧಿ ತೋರಿಸಿತು. ಚಕ್ರ ಕೆಳಗೆ ಬಿತ್ತು.

ಪಕ್ಕದ ಮೇಜಿನಲ್ಲಿ ಮೀಸೆಯವರು. ಹೆಸರಿಗೆ ತಕ್ಕ ಮೀಸೆಯೇ, ಎರಡೂ ತುದಿಗೆ ಒಂದೊಂದು ಕಾರು ನಿಲ್ಲಿಸಬಹುದು. ಅವರ ಹಸಿರು ಕಾರಿನಲ್ಲಿ ಚಾವಣಿಯ ದೀಪಗಳನ್ನೆಲ್ಲ ಎಣಿಸಬಹುದಿತ್ತು, ಅಷ್ಟು ಹೊಳಪು. ಬಗ್ಗಿ ನಮ್ಮ ಚಕ್ರ ಎತ್ತಿಕೊಟ್ಟು “ಸಹಾಯ ಬೇಕಾ?” ಎಂದರು.

‘ಬೇಡ’ ಎನ್ನುವುದು ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡೆ. “ಬೇಕು. ನನ್ನ ಕೈ ನಡುಗುತ್ತೆ,” ಎಂದೆ. ಯಾರಿಗೆ ಕೇಳಿಸುತ್ತದೆಂದು ನೋಡಲಿಲ್ಲ, ಗಟ್ಟಿಯಾಗಿಯೇ ಹೇಳಿದೆ.

“ಕೊಡಿ, ನಾನೇ ಅಂಟಿಸಿ ಕೊಡ್ತೀನಿ.”

“ನೀವು ಅಂಟಿಸಿದ್ರೆ ನಿಮ್ಮ ಕಾರಾಗುತ್ತೆ. ನನ್ನ ಮಣಿಕಟ್ಟನ್ನ ಮೇಜಿಗೆ ಒತ್ತಿ ಹಿಡ್ಕೊಳ್ಳಿ ಸಾಕು. ಮೆಲ್ಲಗಲ್ಲ, ಗಟ್ಟಿಯಾಗಿ.”

ಕ್ರೇನ್ ಬಿಚ್ಚುವ ಕೈ, ಇಕ್ಕಳಕ್ಕಿಂತ ಚೆನ್ನಾಗಿ ಹಿಡಿದರು. ಉಸಿರು ಬಿಟ್ಟೆ, ಅಂಟು ಮುಟ್ಟಿಸಿದೆ, ಚಕ್ರ ಕೂತಿತು. ಅಂಟು ಹಿಡಿಯುವವರೆಗೂ ಇಬ್ಬರೂ ಹಾಗೇ ನಿಂತಿದ್ದೆವು. ನಿಮ್ಮಣ್ಣ ನೋಡಿದ್ದರೆ ಏನೆನ್ನುತ್ತಿದ್ದರೋ.

ತೀರ್ಪುಗಾರರಿಗೆ ಆ ಜೋಡಣೆಯ ಗೆರೆ ಕಂಡಿತು. ಅಲ್ಲಿಯೇ ನಾವು ಹಿಂದೆ ಬಿದ್ದದ್ದು. ಫಲಿತಾಂಶ ಹೇಳಿದ ಮೇಲೆ ಮೀಸೆಯವರು ತಕರಾರು ಎತ್ತಲು ಹೊರಟರು. ‘ಆ ಎಂಜಿನ್ ನೋಡಿದೀರಾ? ನನ್ನ ಕಾರಲ್ಲಿ ಅಂಥದ್ದೇನಿದೆ?’ ಎಂದು. ನಾನೇ ಅವರನ್ನು ತಡೆದು ಕೂರಿಸಿದೆ. ಅವರ ಕಾರು ಚೆನ್ನಾಗಿತ್ತು ಚೂಟಿ. ಒಳ್ಳೆಯ ಕಾರಿಗೆ ಸೋತೆವು, ಅದರಲ್ಲಿ ನಾಚಿಕೆ ಏನು.

ಜನ ಕರಗಿದ ಮೇಲೆ ಮಿಡತೆಯಮ್ಮ ಬಂದರು. ಕೂದಲು ಪೂರಾ ಬೆಳ್ಳಗೆ, ಬೆನ್ನು ಇನ್ನೂ ನೆಟ್ಟಗೆ. ಕೇಳದೆಯೇ ಕಾರನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದರು. ಒಂದು ಹೊಗೆ ಕೊಳವೆಯ ಮೇಲೆ ಉಗುರಿಟ್ಟು “ಇಲ್ಲೇ ನನ್ನ ಮೊಣಕೈ ಸುಟ್ಟಿದ್ದು,” ಎಂದು ತೋಳು ಮಡಿಸಿ ಕಲೆ ತೋರಿಸಿದರು. “ಈ ಕೆಂಪು ಯಾರು ಮಾಡಿದ್ದು?” ಎಂದರು. ನಿನ್ನ ಹೆಸರು ಹೇಳಿದೆ. “ನನ್ನ ಕಾರನ್ನ ಗುಜರಿಗೆ ಹಾಕ್ದಾಗ ನಾನು ಊರಲ್ಲಿರಲಿಲ್ಲ. ಕೊನೇ ಸಲ ನೋಡೋಕೂ ಆಗ್ಲಿಲ್ಲ,” ಎಂದರು. ಅಷ್ಟೇ ಹೇಳಿ ಕಾರನ್ನು ಮೇಜಿನ ಮೇಲಿಟ್ಟರು. ‘ಕೊಡಿ’ ಎಂದು ಕೇಳಲಿಲ್ಲ ಅವರು.

ನಾನೇ ಕೊಟ್ಟುಬಿಟ್ಟೆ.

ಅರ್ಧ ನಿನ್ನದು, ನಿನ್ನನ್ನು ಕೇಳಬೇಕಿತ್ತು. ಕೇಳಿದ್ದರೆ ನೀನು ‘ಕೊಡಿ’ ಎನ್ನುತ್ತಿದ್ದೆ ಎಂದು ನನ್ನ ಲೆಕ್ಕ. ಅದು ನಾನು ಮಾಡುವ ಕೊನೆಯ ಎಂಜಿನ್ ಆಗಿದ್ದರೆ ಪ್ರಾಣ ಹೋದರೂ ಕೊಡುತ್ತಿರಲಿಲ್ಲ. ಕೊನೆಯದಲ್ಲ, ಅದಕ್ಕೇ ಕೊಟ್ಟೆ.

ಮರುದಿನ ಬೆಳಗಿನ ರೈಲು ತಪ್ಪಿತು. ಸಂಜೆಯದಕ್ಕೆ ಬಂದೆ. ಹೇಳುವಂಥದ್ದು ಬೇರೇನೂ ಇಲ್ಲ.

ಅತ್ತಿಗೆ

ನವೆಂಬರ್ 2

ಅತ್ತಿಗೆ,

‘ಹೇಳುವಂಥದ್ದು ಬೇರೇನೂ ಇಲ್ಲ’ ಅಂತೆ!

ಕೊಟ್ಟದ್ದಕ್ಕೆ ನನಗೆ ಒಂದು ದಿನ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಎರಡನೆಯ ದಿನ ನೀವು ಮಾಡಿದ್ದೇ ಸರಿ ಅನ್ನಿಸಿತು. ಆದರೂ ಒಮ್ಮೆ ಕಣ್ಣಾರೆ ನೋಡಿಬರೋಣ ಎಂದು ಬಸ್ಸುಗಳೆಲ್ಲ ಹೊರಗೆ ಹೋದ ಮೇಲೆ ಒಂದು ಭಾನುವಾರ ಮಿಡತೆಯಮ್ಮನ ಮನೆಗೆ ಹೋದೆ. ಇಲ್ಲಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್ ಬರಬಹುದು.

ಮಿಡತೆ ಊಟದ ಮೇಜಿನ ಮಧ್ಯದಲ್ಲಿದೆ. ಗಾಜಿಲ್ಲ, ಪೆಟ್ಟಿಗೆಯಿಲ್ಲ. ಮಾತಾಡುತ್ತಾ ಅವರು ಅದನ್ನು ಒಂದು ಬೆರಳಿನಲ್ಲಿ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಾರೆ. ನನ್ನ ಬಣ್ಣದ ಮೇಲೆ ಅವರ ಬೆರಳಿನ ಗುರುತು ಬಿದ್ದಿತ್ತು. ಒರೆಸಲು ನನಗೆ ಮನಸ್ಸು ಬರಲಿಲ್ಲ.

ಆಮೇಲೆ ಅವರು ಕೇಳಿದರು: “ನಿಮ್ಮತ್ತಿಗೆ ಹೇಗಿದಾರೆ? ಮತ್ತೆ ಯಾವಾಗ ಓಡಿಸ್ತಾರಂತೆ?”

“ಏನನ್ನ?” ಎಂದೆ.

“ಕಾರನ್ನ! ನಿಮಗೆ ಹೇಳಿಲ್ವಾ?”

ಲೋಟ ಕೆಳಗಿಟ್ಟು ‘ಮೊದಲಿಂದ ಹೇಳಿ’ ಎಂದೆ. ಪ್ರದರ್ಶನದ ಮರುದಿನ ಬೆಳಿಗ್ಗೆ ಲೈಸೆನ್ಸ್ ಇರುವ ಯಾರು ಬೇಕಾದರೂ ಓಡಿಸಬಹುದೆಂದು ಕ್ಲಬ್ಬಿನವರು ರಸ್ತೆ ತೆರೆದಿದ್ದರಂತೆ. ನಮ್ಮತ್ತಿಗೆ ಬೇಲಿಯ ಹತ್ತಿರ ಕೈಚೀಲ ಹಿಡಿದು ನಿಂತಿದ್ದರಂತೆ. ಮಿಡತೆಯಮ್ಮ ‘ಬರ್ತೀರಾ?’ ಎಂದು ಕೇಳಿ ಮುಗಿಸುವಷ್ಟರಲ್ಲಿ ಕೈಚೀಲ ಅವರ ಕೈಗೆ ಕೊಟ್ಟಿದ್ದರಂತೆ! ಕ್ಲಬ್ಬಿನ ಕಲಿಕೆಯ ಕಾರು, ಹೆಲ್ಮೆಟ್ಟು. ಪಕ್ಕದ ಸಾಲಿನಲ್ಲಿ ತಮ್ಮ ಸ್ವಂತ ಕಾರಿನಲ್ಲಿ ಯಾರು? ಮೀಸೆ! ಮತ್ತೆ ಗೆದ್ದದ್ದು ಯಾರು?

ಅತ್ತಿಗೆ, ನೀವು! ಇದನ್ನು ನಾನು ಬೇರೆಯವರ ಬಾಯಿಂದ ಕೇಳಬೇಕಾ? ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಎಲ್ಲ ಬರೆಯಿರಿ. ಒಂದೂ ಬಿಡಬೇಡಿ. ಅಣ್ಣನಿಗೆ ಗೊತ್ತಾ?

ಚೂಟಿ

ನವೆಂಬರ್ 11

ಚೂಟಿ,

ನಿಮ್ಮಣ್ಣನಿಗೆ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ. ನಿನ್ನ ಕಾಗದ ಅಂಚೆಯವನ ಕೈಯಿಂದ ತೆಗೆದುಕೊಂಡು, ಬಿಚ್ಚಿ, ನನಗೇ ಓದಿ ಹೇಳಿದರು. ಓದುತ್ತಾ ಓದುತ್ತಾ ದನಿ ಏರುತ್ತಾ ಹೋಯಿತು. ಕೊನೆಗೆ ಕಾಗದ ಮಡಿಸಿ “ರೈಲು ತಪ್ಪಿತು ಅಂದ್ಯಲ್ಲ?” ಎಂದರು.

“ತಪ್ಪಿತು ರೀ. ನಾನು ರಸ್ತೆಯಲ್ಲಿದ್ದೆ, ಅದು ಹೊರಟುಹೋಯ್ತು.”

ಬೈಯುತ್ತಾರೆಂದು ನಿಂತೆ. ಕುರ್ಚಿ ಹತ್ತಿರ ಎಳೆದುಕೊಂಡು ಕೂತು “ಎಷ್ಟು ಜೋರಾಗಿ ಹೋದೆ?” ಎಂದರು. ಹೇಳಿದೆ. ಎದ್ದು ಅಂಗಡಿಗೆ ಹೋದರು. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು. ನಾನು ಯಾರಿಗೂ ಹೇಳಿಲ್ಲ ಕಣೇ. ಅವರೇ, ಚೌಕಟ್ಟು ಹಾಕಿಸಲು ಬಂದವರಿಗೆಲ್ಲ.

ನಿನಗೆ ಬರೆಯಬಾರದೆಂದು ಇರಲಿಲ್ಲ. ಬರೆಯಲು ಕೂತೆ, ಹೇಗೆ ಬರೆದರೂ ಸಣ್ಣದಾಗುತ್ತಿತ್ತು. ಸ್ವಲ್ಪ ದಿನ ನನ್ನ ಹತ್ತಿರವೇ ಇರಲಿ ಅನ್ನಿಸಿತು. ಈಗ ಬರೆಯುತ್ತೇನೆ.

ಹೆಲ್ಮೆಟ್ಟಿನೊಳಗೆ ನನ್ನ ಉಸಿರು ನನಗೇ ಕೇಳಿಸುತ್ತಿತ್ತು. ಕಾರು ನಿಂತಲ್ಲೇ ಗುಡುಗುತ್ತಿತ್ತು. ಮಿಡತೆಯಮ್ಮ ಕಿಟಕಿಯೊಳಗೆ ತಲೆ ಹಾಕಿ “ದೀಪ ಬಿಟ್ಟು ಬೇರೇನೂ ನೋಡ್ಬೇಡಿ. ಪಕ್ಕದವರನ್ನಂತೂ ನೋಡ್ಲೇಬೇಡಿ,” ಎಂದರು. ಅವರು ಹೇಳಿದಂತೆಯೇ ಮಾಡಿದೆ. ಮೀಸೆಯವರು ಮಾತ್ರ ನನಗೆ ಕೈಬೀಸಲು ಆ ಕಡೆಯಿಂದ ತಿರುಗಿದ್ದರಂತೆ. ಪಾಪ, ಮರ್ಯಾದಸ್ಥರು. ಅಷ್ಟರಲ್ಲಿ ಹಸಿರು ಬಂತು.

ನಾನು ಒತ್ತಿದೆ. ಬೆನ್ನು ಸೀಟಿಗೆ ಅಂಟಿಕೊಂಡಿತು. ಬೇಲಿ, ಜನ, ಕಂಬ ಎಲ್ಲ ಒಂದೇ ಪಟ್ಟಿಯಾಗಿ ಹಿಂದಕ್ಕೆ ಓಡಿತು. ಅಂದು ನೋಡಿದಾಗ ಇದು ಎಷ್ಟು ಬೇಗ ಮುಗಿಯಿತು ಅನ್ನಿಸಿತ್ತು. ಒಳಗೆ ಕೂತವರಿಗೆ ಅದು ಹಾಗಲ್ಲ, ತುಂಬಾ ಉದ್ದವಿದೆ. ಎಷ್ಟು ಉದ್ದ ಎಂದರೆ ಮಧ್ಯದಲ್ಲೆಲ್ಲೋ ನಾನು ನಕ್ಕದ್ದು ನನಗೇ ಕೇಳಿಸಿತು.

ಮುಗಿದ ಮೇಲೆ ಮೀಸೆಯವರು ಓಡಿಬಂದು ಬಾಗಿಲು ತೆಗೆದು, ಮೊದಲು ಕೇಳಿದ್ದು ಏನು ಗೊತ್ತೇ? “ಕೈ ಹೇಗಿತ್ತು? ನಡುಗ್ತಾ?”

ನಾನು ಯೋಚಿಸಿದೆ. ಸ್ಟೀರಿಂಗ್ ಹಿಡಿದ ಕೈ ನಡುಗಿತೋ ಇಲ್ಲವೋ, ನಿಜವಾಗಿಯೂ ನನಗೆ ಗೊತ್ತಿಲ್ಲ ಚೂಟಿ. ನೋಡಲು ಪುರುಸೊತ್ತೇ ಇರಲಿಲ್ಲ.

ಅತ್ತಿಗೆ